ಬೇಲ್ ಏಜೆಂಟ್ ಕಾರಿಗೆ ಕೆಂಪು ನೀಲಿ ಲೈಟ್: ವೈರ್ ಎಳೆಯುವ ಮುಂಚೆ ಇದನ್ನು ಓದಿ

ಪ್ರಸನ್ನ ಅವರೇ, ನಿಮ್ಮ ಪ್ರಶ್ನೆ ನೋಡಿದೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ನಿಮ್ಮ ಪಕ್ಕದ ಮನೆಯವರು ಬೇಲ್ ಪಡೆದು ಕೋರ್ಟಿಗೆ ಬಾರದವರನ್ನು ಹಿಡಿದು ತರುವ ಕೆಲಸ ಮಾಡುತ್ತಾರೆ. ಹರಾಜಿನಲ್ಲಿ ಹಳೆಯ ಪೊಲೀಸ್ ಕಾರು ತಂದಿದ್ದಾರೆ. ಗ್ರಿಲ್ ಒಳಗೆ ಕೆಂಪು ನೀಲಿ ಎಲ್‌ಇಡಿ ಕೂರಿಸಿ, ಡ್ಯಾಶ್ ಮೇಲೆ ಒಂದು ಫ್ಲ್ಯಾಶರ್ ಹಾಕಿಕೊಡಿ ಅಂತ ನಿಮ್ಮನ್ನು ಕೇಳಿದ್ದಾರೆ. ‘ನನ್ನ ಹತ್ತಿರ ಲೈಸೆನ್ಸ್ ಇದೆ, ಏನೂ ಆಗಲ್ಲ’ ಅಂದಿದ್ದಾರೆ. ದಯವಿಟ್ಟು ಮಾಡಿಕೊಡಬೇಡಿ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಅವರ ಲೈಸೆನ್ಸ್ ನಿಜವೇ ಇರಬಹುದು. ಕ್ಯಾಲಿಫೋರ್ನಿಯಾದಲ್ಲಿ 2023ರ ಜುಲೈ 1ರಿಂದ ಈ ಕೆಲಸಕ್ಕೆ ರಾಜ್ಯದ ವಿಮಾ ಇಲಾಖೆಯ ಲೈಸೆನ್ಸ್ ಬೇಕು. ಆದರೆ ಆ ಲೈಸೆನ್ಸ್ ಕೊಡುವುದು ಒಬ್ಬ ವ್ಯಕ್ತಿಯನ್ನು ಹಿಡಿಯುವ ಅಧಿಕಾರವನ್ನು ಮಾತ್ರ. ರಸ್ತೆಯ ಮೇಲೆ ಯಾವ ಅಧಿಕಾರವನ್ನೂ ಅದು ಕೊಡುವುದಿಲ್ಲ. ಎಲ್ಲರೂ ಎಡವುವುದು ಇಲ್ಲೇ.

ಊರಲ್ಲಿ ಜಾಮೀನು ಅಂದರೆ ನೆಂಟರೋ ಪರಿಚಯದವರೋ ಪಹಣಿ ಹಿಡಿದುಕೊಂಡು ಕೋರ್ಟಿಗೆ ಹೋಗಿ ನಿಲ್ಲುತ್ತಾರೆ. ಇಲ್ಲಿ ಅದೇ ಒಂದು ವ್ಯಾಪಾರ. 50,000 ಡಾಲರ್ ಬೇಲ್ ಆದರೆ, ಸಾಮಾನ್ಯವಾಗಿ ನೂರಕ್ಕೆ 10ರಂತೆ 5,000 ಡಾಲರ್ ತೆಗೆದುಕೊಂಡು ಬೇಲ್ ಕಂಪನಿ ಹೊಣೆ ಹೊರುತ್ತದೆ. ಆರೋಪಿ ಕೋರ್ಟಿಗೆ ಬಾರದಿದ್ದರೆ ಕಂಪನಿಗೆ 180 ದಿನದ ಗಡುವು ಶುರುವಾಗುತ್ತದೆ. ಅಷ್ಟರೊಳಗೆ ಕರೆತರದಿದ್ದರೆ ಪೂರ್ತಿ ಹಣ ಕಟ್ಟಬೇಕಾಗುತ್ತದೆ. ಆ ಅವಸರಕ್ಕೇ ಇಂಥ ಏಜೆಂಟರು ಬೇಕಾಗುವುದು. ಅವರ ಅಧಿಕಾರಕ್ಕೆ ಆಧಾರ ಅಂತ ಎಲ್ಲರೂ ತೋರಿಸುವುದು 1872ರ ಟೇಲರ್ ವಿರುದ್ಧ ಟೇಂಟರ್ ಎಂಬ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು. ಜಾಮೀನು ನಿಂತವರು ಆರೋಪಿಯನ್ನು ಬೇರೆ ರಾಜ್ಯಕ್ಕೂ ಬೆನ್ನಟ್ಟಿ ಹಿಡಿಯಬಹುದು ಅಂತ ಅದರಲ್ಲಿದೆ.

ಆದರೆ ಅದು ಜಾಮೀನು ಪಡೆದವನಿಗೂ ಕೊಟ್ಟವರಿಗೂ ನಡುವಿನ ಮಾತು. ಮಿನುಗುವ ಕೆಂಪು ಲೈಟ್ ಮಾತಾಡುವುದು ರಸ್ತೆಯಲ್ಲಿರುವ ಎಲ್ಲರ ಜೊತೆ. ‘ಪಕ್ಕಕ್ಕೆ ಸರಿ, ನಿಲ್ಲು’ ಅಂತ ಅಪ್ಪಣೆ ಮಾಡುತ್ತದೆ. ಆಫೀಸಿನಿಂದ ಮನೆಗೆ ಹೊರಟ ನೀವು ಯಾವ ಬೇಲ್ ಪತ್ರಕ್ಕೂ ಸಹಿ ಹಾಕಿಲ್ಲ, ಅಲ್ವಾ? ನಿಮಗೆ ಅಪ್ಪಣೆ ಮಾಡುವ ಹಕ್ಕು ಅವರಿಗೆ ಎಲ್ಲಿಂದ ಬರಬೇಕು?

ಈಗ ಕಾನೂನು. ಕ್ಯಾಲಿಫೋರ್ನಿಯಾದ ವಾಹನ ಕಾನೂನಾದ ವೆಹಿಕಲ್ ಕೋಡ್‌ನ 25250ನೇ ಸೆಕ್ಷನ್ ಹೇಳುವುದು ಇಷ್ಟೇ: ಕೋಡ್ ಅನುಮತಿ ಕೊಟ್ಟ ಕಡೆ ಬಿಟ್ಟು ವಾಹನದ ಮೇಲೆ ಮಿನುಗುವ ಲೈಟ್ ನಿಷೇಧ. ಕೆಂಪು ವಾರ್ನಿಂಗ್ ಲೈಟನ್ನೂ 25269 ಹೀಗೇ ತಡೆಯುತ್ತದೆ. ನೀಲಿ ಇರುವುದು ಪೊಲೀಸರ ತುರ್ತು ವಾಹನಕ್ಕೆ. ಬೇಲ್ ಏಜೆಂಟರ ಕಾರು ತುರ್ತು ವಾಹನವಲ್ಲ. ಮುಂದಿನಿಂದ ಕಾಣುವ ಲೈಟ್ ಬಿಳಿ ಅಥವಾ ಹಳದಿ ಇರಬೇಕು ಅಂತ 25950 ಹೇಳುತ್ತದೆ. ಹಾಗಾಗಿ ಗ್ರಿಲ್‌ನಲ್ಲಿ ಮಿನುಗದ ನೀಲಿ ಎಲ್‌ಇಡಿ ಇಟ್ಟರೂ ತಪ್ಪೇ.

‘ಹಾಕಿರೋಣ, ಆನ್ ಮಾಡದಿದ್ದರೆ ಸರಿ’ ಅಂತ ಈ ಚರ್ಚೆಯಲ್ಲಿ ಒಬ್ಬರು ಬರೆದಿದ್ದಾರೆ. ಅದು ಸರಿಯಲ್ಲ. 24003 ನೋಡಿ. ಕೋಡ್ ಅನುಮತಿಸದ ಲೈಟ್ ವಾಹನದಲ್ಲಿ ಇರಲೇಬಾರದು, ಗಾಜಿನ ಒಳಗಡೆ ಕೂರಿಸುವುದಕ್ಕೂ ಇಲ್ಲ. ಫ್ಯೂಸ್ ಕಿತ್ತಿಟ್ಟಿದ್ದೇನೆ ಅನ್ನುವುದು ಉತ್ತರವಾಗುವುದಿಲ್ಲ. ಸೈರನ್ ಕೂಡ ಹಾಗೇ. 27002 ಪ್ರಕಾರ ಬಳಸುವುದಷ್ಟೇ ಅಲ್ಲ, ಜೋಡಿಸಿಕೊಂಡಿರುವುದೂ ತಪ್ಪು.

ಇನ್ನು ಆಂಬರ್, ಅಂದರೆ ಕಿತ್ತಳೆ ಹಳದಿ ಬಣ್ಣದ ಲೈಟ್. ಟೋ ಟ್ರಕ್‌ಗಳಿಗೆ, ರಸ್ತೆ ಕೆಲಸದ ಗಾಡಿಗಳಿಗೆ ಇದೆ. ಅವರೂ ರಸ್ತೆಯಲ್ಲಿ ಅಪಾಯ ಇದ್ದಾಗ ಮಾತ್ರ ಹಚ್ಚಬೇಕು. ಮನುಷ್ಯರನ್ನು ಹುಡುಕಿಕೊಂಡು ಹೋಗುವುದು ಅದರಲ್ಲಿ ಬರುವುದಿಲ್ಲ.

ವೆಹಿಕಲ್ ಕೋಡ್ ತಪ್ಪಿದರೆ ಟಿಕೆಟ್ಟು, ದಂಡ. ಆದರೆ ಆ ಲೈಟ್ ಹಾಕಿ ಒಂದು ಕಾರನ್ನು ನಿಲ್ಲಿಸಿದರೆ ವಿಷಯ ಬೇರೆಯಾಗುತ್ತದೆ. ಪೊಲೀಸ್ ಅಂತ ನಟಿಸಿದ ಅಪರಾಧ ಆಗಬಹುದು. ರಾಜ್ಯದ ಅಪರಾಧ ಕಾನೂನಾದ ಪೀನಲ್ ಕೋಡ್‌ನ ಸೆಕ್ಷನ್ 538ಡಿ ಅದಕ್ಕಾಗಿಯೇ ಇದೆ. ಬೇಲ್ ಏಜೆಂಟರಿಗೇ ಬೇರೆ ಸೆಕ್ಷನ್ನೂ ಇದೆ, 1299.07. ತಾವು ಪೊಲೀಸ್ ಅನ್ನುವಂತೆ ಯಾವ ರೀತಿಯಲ್ಲೂ ತೋರಿಸಿಕೊಳ್ಳಬಾರದು, ಸರ್ಕಾರಿ ಇಲಾಖೆಯವರು ಅನ್ನಿಸುವ ಸಮವಸ್ತ್ರ ಹಾಕಬಾರದು ಅಂತ. ಮುಂದಿನ 1299.08 ಪ್ರಕಾರ, ತೀರಾ ತುರ್ತು ಇಲ್ಲದಿದ್ದರೆ, ಹಿಡಿಯಲು ಹೋಗುವ ಮುಂಚಿನ 6 ಗಂಟೆಯೊಳಗೆ ಸ್ಥಳೀಯ ಪೊಲೀಸರಿಗೆ ತಿಳಿಸಬೇಕು. ಅಂದರೆ ಲೈಟ್ ಇರುವವರ ಸಹಾಯ ಬೇಕಿದ್ದರೆ ಕೇಳುವ ದಾರಿ ಆಗಲೇ ತೆರೆದಿದೆ.

ಬೇರೆ ರಾಜ್ಯದವರ ವಿಡಿಯೊ ನೋಡಿ ತೀರ್ಮಾನಕ್ಕೆ ಬರಬೇಡಿ. ನ್ಯೂಯಾರ್ಕ್‌ನಲ್ಲಿ ಖಾಸಗಿ ಕಾರಿನ ಮೇಲೆ ನೀಲಿ ಲೈಟ್ ಕಂಡರೆ ಅದು ಸ್ವಯಂಸೇವಕ ಅಗ್ನಿಶಾಮಕರದು. ಫ್ಲೋರಿಡಾದಲ್ಲಿ ಖಾಸಗಿ ಕಾರಿನಲ್ಲಿ ಮಿನುಗುವ ನೀಲಿ ಲೈಟ್ ಬಳಸಿದರೆ ಒಂದು ವರ್ಷದವರೆಗೆ ಜೈಲು ಆಗಬಹುದು. ಏಜೆಂಟ್ ಗಡಿ ದಾಟಿ ಬೆನ್ನಟ್ಟಬಹುದು ಸರಿ, ಆದರೆ ಗಡಿ ದಾಟಿದ ಕೂಡಲೇ ಕಾರಿಗೆ ಆ ರಾಜ್ಯದ ಕಾನೂನು.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಎರಡು ವರ್ಷದ ಹಿಂದೆ ನನ್ನ ತಂಗಿ ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಮನೆಗೆ ಬರುತ್ತಿದ್ದಳು. ಹಿಂದೆ ಬಂದ ಸಾದಾ ಕಾರಿನ ಗಾಜಿನಲ್ಲಿ ಕೆಂಪು ನೀಲಿ ಮಿನುಗಿತು. ಅವಳು ಹಜಾರ್ಡ್ ಲೈಟ್ ಹಾಕಿ, ನಿಧಾನ ಮಾಡಿ, ತುರ್ತು ಸಹಾಯದ 911ಕ್ಕೆ ಫೋನ್ ಮಾಡುತ್ತಾ ಬೆಳಕಿದ್ದ ಪೆಟ್ರೋಲ್ ಬಂಕಿನವರೆಗೆ ಬಂದಳು. ಅಷ್ಟರಲ್ಲಿ ಆ ಕಾರು ತಿರುಗಿ ಹೋಯಿತು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಆ ಲೈಟನ್ನೂ ಯಾರೋ ಒಬ್ಬರು ಗ್ಯಾರೇಜಿನಲ್ಲಿ ಕೂತು ವೈರಿಂಗ್ ಮಾಡಿಕೊಟ್ಟಿರುತ್ತಾರೆ. ಅವರು ನಮ್ಮಂಥ ಹವ್ಯಾಸಿ ಆಗಿರಬಾರದು.

ನಿಮ್ಮ ವಿಷಯಕ್ಕೂ ಬರುತ್ತೇನೆ. ನೀವು ಎಚ್-1ಬಿ ಕೆಲಸದ ವೀಸಾ ಮೇಲೆ ಇದ್ದೀರಿ ಅಂತ ಹಿಂದೆ ಬರೆದಿದ್ದಿರಿ. ನೆರೆಯವರು 200 ಡಾಲರ್ ಕೊಡುತ್ತೇನೆ ಅಂದಿದ್ದಾರೆ. ಲೈಟಿನ ಮಾತು ಹಾಗಿರಲಿ, ನಿಮ್ಮ ಕಂಪನಿ ಬಿಟ್ಟು ಹೊರಗೆ ಕೂಲಿಗೆ ಕೆಲಸ ಮಾಡುವುದೇ ವೀಸಾಗೆ ತೊಂದರೆ. ಅದರ ಮೇಲೆ ಗೊತ್ತಿದ್ದೂ ನೆರವಾದಿರಿ ಅಂತ ಕೇಸಿನಲ್ಲಿ ಹೆಸರು ಬಂದರೆ? ವೀಸಾ ಫಾರ್ಮಿನಲ್ಲೂ ಸಿಟಿಜನ್‌ಶಿಪ್ ಫಾರ್ಮಿನಲ್ಲೂ ಅರೆಸ್ಟ್ ಆಗಿದ್ದೀರಾ ಅನ್ನುವ ಪ್ರಶ್ನೆ ಇದೆ. ಸುಮ್ನೆ ಯಾಕೆ ಬೇಕು?

ಹಾಗಂತ ನೆರೆಯವರನ್ನು ಬರಿಗೈಲಿ ಕಳಿಸಬೇಡಿ. ಅವರಿಗೆ ನಿಜಕ್ಕೂ ಬೇಕಿರುವುದು ಕತ್ತಲಲ್ಲಿ ಮನೆ ನಂಬರ್ ಕಾಣುವುದು, ನಡೆದದ್ದಕ್ಕೆ ಸಾಕ್ಷಿ ಇರುವುದು. 24404 ಪ್ರಕಾರ ಎರಡು ಬಿಳಿ ಸ್ಪಾಟ್ ಲೈಟ್ ಇಟ್ಟುಕೊಳ್ಳಬಹುದು. ಹರಾಜಿನ ಕಾರಿನಲ್ಲಿ ಬಾಗಿಲ ಕಂಬದ ಹತ್ತಿರ ಒಂದು ಉಳಿದೇ ಇರುತ್ತದೆ. ಮಿತಿ 30 ವ್ಯಾಟ್ ಅಥವಾ 32 ಕ್ಯಾಂಡಲ್ ಪವರ್. ಹಳೆಯ ಬಲ್ಬ್ ಅದಕ್ಕಿಂತ ಜಾಸ್ತಿ ಇರಬಹುದು, ತೆಗೆದು ಓದಿ ನೋಡಿ. ಎದುರು ಬರುವವರ ಕಣ್ಣಿಗೆ ಬೀಳಬಾರದು. ಒಳಗಿನ ಡೋಮ್ ಲೈಟ್ ಚೆನ್ನಾಗಿರುವುದು ಹಾಕಿ. ಮುಂದೆ ಹಿಂದೆ ಎರಡೂ ಕಡೆ ಡ್ಯಾಶ್‌ಕ್ಯಾಮ್ ಹಾಕಿ. ಇದನ್ನೆಲ್ಲ ಸ್ನೇಹಕ್ಕೆ ಮಾಡಿಕೊಡಿ, ದುಡ್ಡು ಬೇಡ.

ಅದಕ್ಕೂ ಮುಂಚೆ ಮುಂದಿನ ಬಂಪರ್ ಹಿಂದೆ ಕೈ ಹಾಕಿ ನೋಡಿ. ಸೈರನ್ ಸ್ಪೀಕರ್ ಉಳಿದಿದ್ದರೆ ಬಿಚ್ಚಿಬಿಡಿ. ಟ್ರಂಕಿನಿಂದ ಬರುವ ದಪ್ಪ ಪವರ್ ಕೇಬಲ್ ಬ್ಯಾಟರಿಗೆ ಹಾಗೇ ಸಿಕ್ಕಿಕೊಂಡಿರಬಹುದು. ತುದಿಗೆ ಬರೀ ಟೇಪ್ ಸುತ್ತಿದ್ದರೆ ಶಾರ್ಟ್ ಆಗಿ ಬೆಂಕಿ ಹತ್ತುತ್ತದೆ. ಬ್ಯಾಟರಿ ನೆಗೆಟಿವ್ ಮೊದಲು ತೆಗೆಯಿರಿ. ಕಾರಿನ ಬಣ್ಣ ಇನ್ನೂ ಕಪ್ಪು ಬಿಳುಪು ಪೊಲೀಸ್ ಮಾದರಿಯಲ್ಲೇ ಇದ್ದರೆ, ಅದನ್ನು ನಿಷೇಧಿಸುವ 27605 ಇದೆ, ಬಣ್ಣ ಬದಲಿಸಲು ಹೇಳಿ.

ಹಾರ್ನೆಸ್ (ವೈರ್‌ಗಳ ಕಟ್ಟು) ಬಿಚ್ಚುವಾಗ ಫೋಟೊ ಹಾಕಿ. ಯಾವ ವೈರ್ ಉಳಿಸಬೇಕು, ಯಾವುದು ತೆಗೆಯಬೇಕು ಅಂತ ನೋಡಿ ಹೇಳುತ್ತೇನೆ. ಶನಿವಾರ ಬೆಳಿಗ್ಗೆ ನಾನು ಆನ್‌ಲೈನ್ ಇರುತ್ತೇನೆ.