ಮನೆ ಕಟ್ಟಿಸುವುದೂ ವಿಗ್ರಹಾರಾಧನೆಯೇ?

ಪ್ರಶ್ನೆ: ಮಾನ್ಯರೇ, ನಮ್ಮದು ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ ಕಾಲದಿಂದಲೂ ಕ್ರೈಸ್ತ ಮನೆತನ. ನಾನೀಗ ಹುಬ್ಬಳ್ಳಿಯ ನವನಗರದಲ್ಲಿ ಸಾಲ ಮಾಡಿ ಮನೆ ಕಟ್ಟಿಸುತ್ತಿದ್ದೇನೆ. ರವಿವಾರದ ಆರಾಧನೆಯಲ್ಲಿ ಕುಳಿತಾಗಲೂ ಸಿಮೆಂಟು, ಕಬ್ಬಿಣ, ಗೌಂಡಿಗಳ ಬಟವಾಡೆ ಇವೇ ತಲೆಯಲ್ಲಿ ಸುತ್ತುತ್ತವೆ. ಮನುಷ್ಯ ಮನಸ್ಸು ಕೊಟ್ಟದ್ದೇ ಅವನ ದೇವರು ಎಂದು ನಮ್ಮ ಸಭಾಪಾಲಕರು ಈಚೆಗೆ ಪ್ರಸಂಗದಲ್ಲಿ ಹೇಳಿದರು. ನಾನು ದೇವಾಲಯದ ಕಾಣಿಕೆಯನ್ನು ಒಮ್ಮೆಯೂ ತಪ್ಪಿಸಿಲ್ಲ. ಬೆಟಗೇರಿಯಲ್ಲಿರುವ ತಾಯಿಯವರ ಔಷಧಕ್ಕೆ ಕಳುಹಿಸುತ್ತಿದ್ದ ಹಣವನ್ನು ಮಾತ್ರ, ಸ್ಲ್ಯಾಬ್ ಮುಗಿಯುವವರೆಗೆ ನೀನೇ ನೋಡಿಕೋ ಎಂದು ತಮ್ಮನಿಗೆ ಹೇಳಿದ್ದೇನೆ. ಹೆಂಡತಿ ಮಕ್ಕಳಿಗೆ ಸ್ವಂತ ಸೂರು ಮಾಡುವುದೂ ವಿಗ್ರಹಾರಾಧನೆಯಾಗುತ್ತದೆಯೇ?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಪ್ರಸಂಗದ ನಡುವೆ ಸಿಮೆಂಟಿನ ನೆನಪು ಬಂದುದಕ್ಕಾಗಿ ನೀವು ಅಷ್ಟೊಂದು ಹೆದರಬೇಕಾಗಿಲ್ಲ. ಸಾಲದ ಕಂತು ತಲೆಯ ಮೇಲಿರುವವನ ಮನಸ್ಸು ಅತ್ತಿತ್ತ ಹರಿಯುವುದು ಸಹಜ. ಅದು ದಣಿವಿನ ಲಕ್ಷಣವೂ ಆಗಿರಬಹುದು. ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ದೊಡ್ಡ ಪ್ರಶ್ನೋತ್ತರ ಎಂಬ ತನ್ನ ಧರ್ಮಬೋಧೆಯ ಪುಸ್ತಕದಲ್ಲಿ, ನನ್ನ ಹೊರತು ಬೇರೆ ದೇವರುಗಳು ನಿನಗಿರಬಾರದು ಎಂಬ ಮೊದಲನೆಯ ಆಜ್ಞೆಯನ್ನು ವಿವರಿಸುವಾಗ, ಮನುಷ್ಯನ ಹೃದಯ ಯಾವುದನ್ನು ನೆಚ್ಚಿಕೊಂಡು ನಿಂತಿದೆಯೋ ಅದೇ ಅವನ ದೇವರು ಎಂಬರ್ಥದ ಮಾತನ್ನು ಹೇಳಿದ್ದಾನೆ. ಪ್ರಶ್ನೆ ಇರುವುದು ಆ ನೆಚ್ಚಿಕೆಯಲ್ಲಿ. ಅದನ್ನು ನೋಡಬೇಕಾದರೆ, ಒಂದು ವಸ್ತುವಿಗಾಗಿ ನಾವು ಯಾವುದನ್ನು ಬಿಟ್ಟುಕೊಟ್ಟೆವು, ಬಿಟ್ಟುಕೊಟ್ಟದ್ದು ಯಾರ ಪಾಲಿನದು ಎಂದು ಕೇಳಿಕೊಳ್ಳಬೇಕು. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು, ನೀವು ನಡುವೆ ಹೇಳಿ ಮುಂದೆ ಸಾಗಿದ ಔಷಧದ ಹಣದ ಮಾತು.

ಧಾರವಾಡದಲ್ಲಿ ಬಾಸೆಲ್ ಮಿಷನ್ 1837ರಲ್ಲಿ ನೆಲೆಯೂರಿತು. ಅಂದಿನಿಂದ ತಲೆಮಾರುಗಳು ಕಳೆದ ನಮ್ಮ ಸಭೆಗಳಲ್ಲಿ, ವಿಗ್ರಹವೆಂದರೆ ನೆರೆಮನೆಯವರ ದೇವರ ಕೋಣೆಯಲ್ಲಿರುವ ವಸ್ತು ಎಂದು ತಿಳಿಯುವ ರೂಢಿ ಬೆಳೆದುಬಿಟ್ಟಿದೆ. ಆದರೆ ಬೈಬಲಿನ ವಿಮೋಚನಕಾಂಡದ 32ನೆಯ ಅಧ್ಯಾಯ ಹೇಳುವುದು, ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡುಗಡೆ ಪಡೆದು, ಆಜ್ಞೆಗಳನ್ನು ಕಿವಿಯಾರೆ ಕೇಳಿದ ದೇವಜನರ ಕಥೆಯನ್ನು. ಅವರ ನಾಯಕನಾದ ಮೋಶೆ ಬೆಟ್ಟದಿಂದ ಇಳಿಯುವುದು ತಡವಾದಾಗ ಅವರು ಕಿವಿಯ ಮುರುವುಗಳನ್ನು ಬಿಚ್ಚಿಕೊಟ್ಟು ಬಂಗಾರದ ಕರುವನ್ನು ಎರಕ ಹೊಯ್ಯಿಸಿಕೊಂಡರು. ಮುಂದಿನ ಮಾತನ್ನು ನಾವು ಸಾಮಾನ್ಯವಾಗಿ ಓದಿ ದಾಟಿಬಿಡುತ್ತೇವೆ: ಆ ಕರುವಿನ ಮುಂದೆ ಬಲಿಪೀಠ ಕಟ್ಟಿಸಿದ ಮೋಶೆಯ ಅಣ್ಣ ಆರೋನನು, ನಾಳೆ ಯೆಹೋವನಿಗೆ, ಅಂದರೆ ಅವರ ದೇವರಿಗೇ, ಹಬ್ಬ ಎಂದು ಸಾರುತ್ತಾನೆ. ದೇವರ ಹೆಸರನ್ನು ಅವರು ಕೈಬಿಟ್ಟಿರಲಿಲ್ಲ. ಹೆಸರು ಹಾಗೆಯೇ ಇತ್ತು, ಅದರ ಕೆಳಗೆ ನಿಂತದ್ದು ಬೇರೆಯಾಗಿತ್ತು. ಮೋಶೆ ಗದರಿಸಿ ಕೇಳಿದಾಗ ಆರೋನ ಕೊಟ್ಟ ಉತ್ತರವಂತೂ ನಮ್ಮೆಲ್ಲರ ಬಾಯಲ್ಲಿ ಬರುವಂಥದ್ದೇ: ಬಂಗಾರವನ್ನು ಬೆಂಕಿಗೆ ಹಾಕಿದೆ, ಈ ಕರು ಹೊರಗೆ ಬಂತು! ಪರಿಸ್ಥಿತಿಯೇ ಹಾಗಿತ್ತು, ದರ ಏರಿತು, ಬೇರೆ ದಾರಿ ಇರಲಿಲ್ಲ ಎಂದು ನಾವು ಹೇಳುವುದಕ್ಕೂ ಅದಕ್ಕೂ ಬಹಳ ಅಂತರವಿಲ್ಲ.

ಆದುದರಿಂದ ಕಾಣಿಕೆ ತಪ್ಪಿಸಿಲ್ಲ ಎಂಬುದನ್ನು ನಿಮ್ಮ ಪರವಾದ ಸಾಕ್ಷಿಯಾಗಿ ನಾನು ಸ್ವೀಕರಿಸಲಾರೆ. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದಲ್ಲಿ ಯೇಸು ಇದೇ ಲೆಕ್ಕಾಚಾರವನ್ನು ಖಂಡಿಸುತ್ತಾನೆ. ತಂದೆತಾಯಿಗಳಿಗೆ ಸಲ್ಲಬೇಕಾದುದನ್ನು ಕೊರ್ಬಾನ್, ಅಂದರೆ ದೇವರಿಗೆ ಅರ್ಪಿತ, ಎಂದು ಘೋಷಿಸಿ ಅವರಿಗೆ ಕೊಡದೆ ಉಳಿಯುವುದಕ್ಕೆ ಆಗಿನ ಸಂಪ್ರದಾಯದಲ್ಲಿ ಅವಕಾಶವಿತ್ತು. ಅಂಥವರು ಮನುಷ್ಯರ ಸಂಪ್ರದಾಯಕ್ಕಾಗಿ ದೇವರ ವಾಕ್ಯವನ್ನೇ ನಿರರ್ಥಕ ಮಾಡುತ್ತಾರೆ ಎಂದು ಯೇಸು ಹೇಳಿದ. ನೀವು ಹಣವನ್ನು ನಿಲ್ಲಿಸಿದ್ದು ದೇವಾಲಯಕ್ಕಾಗಿ ಅಲ್ಲ, ಸ್ಲ್ಯಾಬಿಗಾಗಿ. ಆದರೂ ನಾಲ್ಕು ಜನರ ಕಣ್ಣಿಗೆ ಬೀಳುವ ಕಾಣಿಕೆಯನ್ನು ಮುಟ್ಟದೆ, ಬಾಯಿಬಿಟ್ಟು ಕೇಳದ ತಾಯಿಯ ಪಾಲಿಗೆ ಕೈಹಾಕಿದ್ದೇಕೆ ಎಂಬುದನ್ನು ಯೋಚಿಸಿರಿ. ನಮ್ಮ ಪ್ರಸಂಗಗಳಲ್ಲಿ ಮೊಬೈಲು, ಸಿನಿಮಾಗಳನ್ನು ಬೈಯುವುದು ಸುಲಭ. ಮನೆ, ಮಕ್ಕಳ ರ‍್ಯಾಂಕು, ಮನೆತನದ ಮರ್ಯಾದೆ, ಸಭೆಯ ಕಮಿಟಿಯಲ್ಲಿನ ಸ್ಥಾನ ಇವುಗಳನ್ನು ಯಾರೂ ಬೈಯುವುದಿಲ್ಲ. ದೇವರ ಸ್ಥಾನಕ್ಕೆ ಏರುವುದು ಹೆಚ್ಚಾಗಿ ಇಂಥ ಗೌರವಸ್ಥ ವಿಷಯಗಳೇ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಕಟ್ಟಡ ನಿಲ್ಲಿಸಬೇಕೇ? ಹಾಗೆಂದು ನಾನು ಹೇಳುವುದಿಲ್ಲ. ಯೇಸು ಒಬ್ಬ ಐಶ್ವರ್ಯವಂತನಿಗೆ ಇದ್ದದ್ದೆಲ್ಲವನ್ನೂ ಮಾರಿ ಬಡವರಿಗೆ ಕೊಡು ಎಂದ. ಸುಂಕ ವಸೂಲಿಗಾರನಾದ ಜಕ್ಕಾಯನು ಅರ್ಧ ಆಸ್ತಿಯನ್ನು ಬಡವರಿಗೆ ಕೊಡುತ್ತೇನೆ, ಮೋಸದಿಂದ ಪಡೆದುದನ್ನು ನಾಲ್ಕರಷ್ಟು ತಿರುಗಿ ಕೊಡುತ್ತೇನೆ ಎಂದಾಗ, ಈ ಮನೆಗೆ ಇಂದು ರಕ್ಷಣೆಯಾಯಿತು ಎಂದ. ಎಲ್ಲರಿಗೂ ಒಂದೇ ಅಳತೆ ಇಟ್ಟಿಲ್ಲ. ಹೆಂಡತಿ ಮಕ್ಕಳಿಗೆ ಸೂರು ಒದಗಿಸುವುದು ಒಳ್ಳೆಯ ಕೆಲಸವೇ ಆಗಿದೆ.

ಈ ತಿಂಗಳು ಪಗಾರ ಬಂದ ಕೂಡಲೇ, ಗೌಂಡಿಗಳಿಗೆ ದುಡಿದ ಕೂಲಿಯನ್ನು ಚುಕ್ತಾ ಮಾಡಿ, ಹೊಸ ಸಿಮೆಂಟು ತರಿಸುವುದಕ್ಕೆ ಮೊದಲು ಬೆಟಗೇರಿಗೆ ಹಣ ಕಳುಹಿಸಿರಿ. ತಮ್ಮನ ಹತ್ತಿರವೂ ಒಂದು ಮಾತು ಆಡಿರಿ. ಅದರಿಂದ ಸ್ಲ್ಯಾಬ್ ಎರಡು ತಿಂಗಳು ಮುಂದಕ್ಕೆ ಹೋದೀತು. ಆಗ ನಿಮಗಾಗುವುದು ಬೇಸರ ಮಾತ್ರವಾದರೆ ಮನೆಯನ್ನು ನಿಶ್ಚಿಂತೆಯಿಂದ ಕಟ್ಟಿಸಿರಿ. ಬದಲಾಗಿ ತಾಯಿಯ ಮೇಲೆಯೇ ಸಿಟ್ಟು ಬಂದರೆ, ಅದನ್ನು ಅಡಗಿಸಿಡದೆ ನಿಮ್ಮ ಸಭಾಪಾಲಕರ ಹತ್ತಿರ ಹೋಗಿ ಹೇಳಿಕೊಳ್ಳಿರಿ.