ಗೆಳೆಯ ಮೊದಲ ದಿನವೇ ವಾಪಸ್ ಬಂದ, ನನಗೆ ಕರೆ ಬಂತು

ಪ್ರಶ್ನೆ: ನನಗೆ 18 ವರ್ಷ. ಇನ್ನು ಮೂರು ವಾರಕ್ಕೆ ಪುಣೆ ಹತ್ತಿರದ ಖಡಕ್‌ವಾಸ್ಲಾದ ಎನ್‌ಡಿಎ (ಸೇನಾ ಅಧಿಕಾರಿಗಳಾಗುವವರಿಗೆ ತರಬೇತಿ ಕೊಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಸೇರಬೇಕು. ಜೊತೆಗೇ ಓದಿ, ಜೊತೆಗೇ ಓಡಿದ ಗೆಳೆಯ ಎಸ್‌ಎಸ್‌ಬಿಯಲ್ಲಿ (ಅದಕ್ಕೆ ಆಯ್ಕೆ ಮಾಡುವ ಐದು ದಿನದ ಸಂದರ್ಶನ) ಮೊದಲ ದಿನದ ಸ್ಕ್ರೀನಿಂಗ್‌ಗೇ ವಾಪಸ್ ಬಂದ. ಈಗ ನನ್ನ ಮೆಸೇಜಿಗೆ ಥಮ್ಸ್‌ಅಪ್ ಬಿಟ್ಟರೆ ಉತ್ತರವಿಲ್ಲ. ಉಳಿದವರದು ಬರೀ ಎಂಜಿನಿಯರಿಂಗ್ ಕಾಲೇಜಿನ ಮಾತು. ರಾತ್ರಿ ನಿದ್ದೆ ಬರುತ್ತಿಲ್ಲ. ನನಗೆ ಈಜೂ ಬರುವುದಿಲ್ಲ.
– ಹೆಸರು ಬೇಡ, ವಿಜಯನಗರ, ಬೆಂಗಳೂರು

ಉತ್ತರ: ಈಜಿನಿಂದಲೇ ಶುರು ಮಾಡೋಣ, ಅದು ಸುಲಭ. ಈಜು ಬಾರದವರೂ ಅಲ್ಲಿಗೆ ಬರುತ್ತಾರೆ, ಅವರಿಗೆ ಕಲಿಸುತ್ತಾರೆ. ಆದರೂ ನಾಳೆಯೇ ಹತ್ತಿರದ ಈಜುಕೊಳಕ್ಕೆ ಸೇರಿ. ಮೂರು ವಾರದಲ್ಲಿ ಮೀನಾಗುವುದಿಲ್ಲ, ನೀರಿನ ಭಯವಾದರೂ ಕಡಿಮೆಯಾಗುತ್ತದೆ. ಬೆಳಿಗ್ಗೆ ಈಜಿ ಸಂಜೆ ಓಡಿದರೆ, ರಾತ್ರಿ ಕೂತು ಯೋಚಿಸುವಷ್ಟು ತ್ರಾಣ ಉಳಿಯುವುದಿಲ್ಲ.

ಗೆಳೆಯನ ವಿಷಯ ಅಷ್ಟು ಸುಲಭವಲ್ಲ. ಸ್ಕ್ರೀನಿಂಗ್‌ನಲ್ಲಿ ಹೊರಬಿದ್ದವರು ಅವತ್ತೇ ಬ್ಯಾಗ್ ಎತ್ತಿಕೊಂಡು ಹೊರಡಬೇಕು. ಐದು ದಿನಕ್ಕೆಂದು ಇಸ್ತ್ರಿ ಮಾಡಿಟ್ಟ ಬಟ್ಟೆ ಮಡಿಕೆ ಬಿಚ್ಚದೆ ಮನೆಗೆ ಬರುತ್ತದೆ. ಆ ಬ್ಯಾಗ್ ಹೊತ್ತು ಬಂದವನಿಗೆ ನಿಮಗೇನು ಬರೆಯಬೇಕೋ ತೋಚದಿರಬಹುದು. ಥಮ್ಸ್‌ಅಪ್ ಹಾಕಿದ್ದಾನಲ್ಲ, ನಾನಾದರೆ ಅದನ್ನೇ ದೊಡ್ಡದು ಅಂದುಕೊಳ್ಳುತ್ತೇನೆ.

ಮೆಸೇಜ್ ಬಿಡಿ, ಅವನ ಮನೆಗೆ ಹೋಗಿ. 'ಡಿಗ್ರಿ ಆದ್ಮೇಲೆ ಸಿಡಿಎಸ್ ಬರೀಬಹುದು ಕಣೋ' (ಪದವೀಧರರು ಸೇನಾ ಅಧಿಕಾರಿಯಾಗಲು ಬರೆಯುವ ಪರೀಕ್ಷೆ) ಅಂತ ಮಾತ್ರ ಸಮಾಧಾನ ಹೇಳಬೇಡಿ. ಮಾತು ನಿಜವೇ, ಆದರೆ ಅದು ಅವನಿಗೂ ಗೊತ್ತು. 'ನಾಳೆ ಓಡೋಕೆ ಹೋಗ್ತಿದೀನಿ, ಬರ್ತೀಯಾ?' ಅಂತ ಕೇಳಿ, ಸಾಕು. ಬಂದರೆ, ಓಟ ಮುಗಿಸಿ ಶೂ ಬಿಚ್ಚುವಾಗ 'ನೀನಿಲ್ದೆ ಹೋಗೋಕೆ ಭಯ ಆಗ್ತಿದೆ' ಅನ್ನಿ. ಭಯ ಇರುವುದು ನಿಜ ತಾನೇ? ಬರದಿದ್ದರೆ ಒಂದು ವಾರ ಬಿಟ್ಟು ಇನ್ನೊಮ್ಮೆ ಕೇಳಿ. ಆಗಲೂ ಬೇಡ ಅಂದರೆ ಒತ್ತಾಯ ಬೇಡ.

ಉಳಿದವರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕೆಲವರು ದೂರವಾಗುತ್ತಾರೆ. ನೀವು ಇಲ್ಲೇ ಬೇರೆ ಕಾಲೇಜು ಸೇರಿದ್ದರೂ ಆಗುತ್ತಿದ್ದರು, ಅಲ್ವಾ? ಅಲ್ಲಿ 3 ವರ್ಷಕ್ಕೆ 6 ಟರ್ಮ್. ಟರ್ಮ್ ಮುಗಿದಾಗ ರಜೆಗೆ ಊರಿಗೆ ಬರುತ್ತೀರಿ. ಮೊದಮೊದಲು ಫೋನ್ ಕೈಗೆ ಸಿಗುವುದು ಕಡಿಮೆ ಅಂತ ಈಗಲೇ ಎಲ್ಲರಿಗೂ ಹೇಳಿಡಿ. ಇಲ್ಲದಿದ್ದರೆ ಆಫೀಸರ್ ಆಗೋ ಮೊದಲೇ ಜಂಭ ಬಂತು ಅಂತಾರೆ!

ಹೊರಡುವ ಮುಂಚೆ ಆ ಗೆಳೆಯನ ಮನೆ ವಿಳಾಸವನ್ನು ಪಿನ್‌ಕೋಡ್ ಸಮೇತ ಡೈರಿಯಲ್ಲಿ ಬರೆದುಕೊಳ್ಳಿ. ಜೊತೆಗೆ ನಾಲ್ಕು ಇನ್‌ಲ್ಯಾಂಡ್ ಲೆಟರ್ ಇರಲಿ.