ರಿಯಾಲಿಟಿ ಷೋಗಳಲ್ಲಿ ಹೆಣ್ತನ: ಕಣ್ಣೀರು ಎಣಿಸುವ ಮೊದಲು ಕತ್ತರಿ ನೋಡಿ

ನಿಮ್ಮ ಪ್ರಶ್ನೆ ಇಷ್ಟು: ಶಿವಮೊಗ್ಗದಲ್ಲಿ ಪದವಿಯ ಕೊನೆಯ ವರ್ಷ ಓದುತ್ತಿದ್ದೀರಿ. ಕನ್ನಡದ ರಿಯಾಲಿಟಿ ಷೋಗಳು ಹೆಣ್ತನವನ್ನು, ಗಂಡು-ಹೆಣ್ಣಿನ ಪಾತ್ರಗಳನ್ನು ಹೇಗೆ ತೋರಿಸುತ್ತವೆ ಅನ್ನುವುದರ ಮೇಲೆ ಪ್ರಾಜೆಕ್ಟ್ ಮಾಡಬೇಕು. ಕೈಯಲ್ಲಿ ಹತ್ತು ವಾರ ಇದೆ. ಯಾರು ಎಷ್ಟು ಸಲ ಅತ್ತರು, ಯಾರು ಏನು ಉಟ್ಟರು ಅಂತ ಎಣಿಸಿದರೆ ಸಾಕಾ?

ಸಾಲದು. ಅಳು, ಬಟ್ಟೆ ಎಣಿಸಿದ ಪ್ರಾಜೆಕ್ಟುಗಳು ಕೊನೆಗೆ ಒಂದೇ ಮಾತಿಗೆ ಬಂದು ನಿಲ್ಲುತ್ತವೆ: ಹೆಂಗಸರು ಜಾಸ್ತಿ ಅಳುತ್ತಾರೆ. ಅದು ಷೋ ನಿಮ್ಮ ಕೈಗಿಟ್ಟ ಮಾತು, ನೀವು ಕಂಡುಕೊಂಡದ್ದಲ್ಲ. ನೋಡಬೇಕಾದದ್ದು ಬೇರೆ ಇದೆ. ಒಬ್ಬಳು ಏನೋ ಮಾಡುತ್ತಾಳೆ. ಯಾಕೆ ಮಾಡಿದೆ ಅಂತ ಕಾರಣ ಹೇಳುತ್ತಾಳೆ. ಆಮೇಲೆ ಅವಳಿಗೆ ಸಿಟ್ಟೋ ದುಃಖವೋ ಬರುತ್ತದೆ. ಆಮೇಲೆ ಉಳಿದವರು ಅವಳ ಬಗ್ಗೆ ಮಾತಾಡುತ್ತಾರೆ. ಈ ನಾಲ್ಕರಲ್ಲಿ ಎಡಿಟರ್ ಯಾವುದನ್ನು ಉಳಿಸಿದರು, ಯಾವುದಕ್ಕೆ ಕತ್ತರಿ ಹಾಕಿದರು? ಗಂಡಸರ ವಿಷಯದಲ್ಲಿ ಕೆಲಸ, ಕಾರಣ ಉಳಿದು, ಹೆಂಗಸರ ವಿಷಯದಲ್ಲಿ ಅಳು ಮತ್ತು ಉಳಿದವರ ಮಾತು ಉಳಿದರೆ, ನಾವು ಹೆಣ್ತನ ಅಂದುಕೊಂಡು ನೋಡುತ್ತಿರುವುದು ಎಡಿಟಿಂಗ್ ಟೇಬಲ್ ಮೇಲೆ ತಯಾರಾದ ವಸ್ತು. ಬಿಗ್ ಬಾಸ್ ಥರದ ಮನೆಯಲ್ಲಿ ದಿನಕ್ಕೆ 1,440 ನಿಮಿಷ ನಡೆಯುತ್ತದೆ. ಜಾಹೀರಾತು ಕಳೆದು ನಮಗೆ ಕಾಣುವುದು ಒಂದು ಗಂಟೆ ಅಂದರೂ ನೂರಕ್ಕೆ ನಾಲ್ಕು ಪಾಲು. ಉಳಿದ ತೊಂಬತ್ತಾರು ಪಾಲಿನಲ್ಲಿ ಯಾರು ಹೇಗಿದ್ದರು ಅಂತ ನೀವು ಬರೆಯುವ ಹಾಗಿಲ್ಲ. ಹಾಗಾಗಿ ‘ಸ್ಪರ್ಧಿ ಹೀಗೆ ವರ್ತಿಸಿದಳು’ ಅನ್ನಬೇಡಿ, ‘ಕಂತು ಹೀಗೆ ತೋರಿಸಿತು’ ಅನ್ನಿ. ಮೌಖಿಕ ಪರೀಕ್ಷೆಯಲ್ಲಿ ಮೊದಲು ಹಿಡಿಯುವುದೇ ಇಲ್ಲಿ.

ಕಂತುಗಳ ಆಯ್ಕೆ. ಯೂಟ್ಯೂಬ್ ತುಣುಕು, ಪ್ರೋಮೊ ಬೇಡವೇ ಬೇಡ. ಅವನ್ನು ಆರಿಸುವುದೇ ಜಗಳ ಮತ್ತು ಕಣ್ಣೀರಿಗಾಗಿ. ಅದನ್ನೇ ನೋಡಿ ‘ಜಗಳ ಜಾಸ್ತಿ’ ಅಂದರೆ ಸುತ್ತಿ ಬಳಸಿ ಹೊರಟಲ್ಲಿಗೇ ಬಂದ ಹಾಗೆ. ಮುಗಿದುಹೋದ ಒಂದು ಸೀಸನ್ ಹಿಡಿದು ಪೂರ್ತಿ ಕಂತುಗಳನ್ನೇ ನೋಡಿ. ಮೊದಲ ವಾರದಿಂದ ಸೋಮವಾರದ್ದು, ಎರಡನೇ ವಾರದಿಂದ ಮಂಗಳವಾರದ್ದು, ಹೀಗೆ ಏಳು ವಾರಕ್ಕೆ ಏಳು ಕಂತು ತೆಗೆದರೆ ಒಂದು ‘ಕಟ್ಟಿದ ವಾರ’ ಆಗುತ್ತದೆ. ಅಂಥ ಎರಡು ವಾರ, ಅಂದರೆ 14 ಕಂತು ಸಾಕು. ಒಂದೇ ವಾರದ ಏಳು ಕಂತು ತೆಗೆದರೆ ಆ ವಾರ ಕೊಟ್ಟ ಟಾಸ್ಕೇ ನಿಮ್ಮ ಫಲಿತಾಂಶವನ್ನು ಎಳೆದುಬಿಡುತ್ತದೆ. ಒಂದು ಗಂಟೆಯ ದೃಶ್ಯವನ್ನು ನಿಲ್ಲಿಸಿ, ಹಿಂದಕ್ಕೆ ಓಡಿಸಿ ಗುರುತು ಹಾಕಲು ಸುಮಾರು ನಾಲ್ಕು ಗಂಟೆ ಬೇಕು. 14 ಕಂತಿಗೆ 56 ಗಂಟೆ. ದಿನಕ್ಕೆ ಒಂದು ಕಂತಿಗಿಂತ ಹೆಚ್ಚು ಮಾಡಬೇಡಿ, ಕಣ್ಣು ಸೋತರೆ ಗುರುತು ತಪ್ಪುತ್ತದೆ. ಶನಿವಾರ, ಭಾನುವಾರದ ಕಂತುಗಳಿಗೆ ಬೇರೆ ಹಾಳೆ ಇರಲಿ. ಅಲ್ಲಿ ನಿರೂಪಕರು ವಾರದ ಲೆಕ್ಕ ಚುಕ್ತಾ ಮಾಡುವಾಗ ಹಳೇ ತುಣುಕುಗಳನ್ನು ಮತ್ತೆ ತೋರಿಸುತ್ತಾರೆ. ಗಮನಿಸದಿದ್ದರೆ ಒಂದೇ ಜಗಳ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಹಾಳೆಯಲ್ಲಿ ಒಂದು ದೃಶ್ಯಕ್ಕೆ ಒಂದು ಸಾಲು: ಶುರುವಾದ ಸಮಯ, ಮುಗಿದ ಸಮಯ, ಜಾಗ (ಅಡುಗೆಮನೆ, ಸೋಫಾ, ಅಂಗಳ, ಕನ್ಫೆಷನ್ ರೂಮ್), ಯಾರಿದ್ದಾರೆ. ಆಮೇಲೆ ಮೇಲೆ ಹೇಳಿದ ನಾಲ್ಕಕ್ಕೆ (ಕೆಲಸ, ಕಾರಣ, ಭಾವ, ಉಳಿದವರ ಮಾತು) ನಾಲ್ಕು ಕಾಲಂ, ಪ್ರತಿಯೊಂದಕ್ಕೂ ಸೆಕೆಂಡಿನಲ್ಲಿ ಸಮಯ. ಕೊನೆಗೆ ಹಿನ್ನೆಲೆ ಸಂಗೀತ, ಮುಖದ ಕ್ಲೋಸಪ್ ಎಷ್ಟು ಸಲ ಬಂತು ಅನ್ನುವುದು. ಇಂಥ ಒಂದು ದೃಶ್ಯ ಇದೆ ಅಂತ ಇಟ್ಟುಕೊಳ್ಳಿ, ಒಟ್ಟು 2 ನಿಮಿಷ 40 ಸೆಕೆಂಡಿನದ್ದು. ದಿನಸಿ ಹಂಚುವಾಗ ಅಕ್ಕಿ ಕಡಿಮೆ ಬಿದ್ದಿದೆ ಅಂತ ಒಬ್ಬಳು ಕೇಳುತ್ತಾಳೆ, ಲೋಟದ ಲೆಕ್ಕ ಹೇಳುತ್ತಾಳೆ: 18 ಸೆಕೆಂಡು. ನಡುವೆ ಸೋಫಾ ಮೇಲೆ ಕೂತ ಇಬ್ಬರ ನಗು: 4 ಸೆಕೆಂಡು. ಅವಳ ದನಿ ಏರುತ್ತದೆ, ಕಣ್ಣು ತುಂಬುತ್ತದೆ, ಪಿಟೀಲು ಶುರು: 52 ಸೆಕೆಂಡು. ಆಮೇಲೆ ಮೂರು ಜನ ಬೇರೆ ಬೇರೆ ಮೂಲೆಯಲ್ಲಿ ‘ಅವಳು ಮಾತಾಡೋ ರೀತಿ ಸರಿಯಿಲ್ಲ’ ಅನ್ನುತ್ತಾರೆ: 86 ಸೆಕೆಂಡು. ಅಕ್ಕಿ ನಿಜವಾಗಿ ಕಡಿಮೆ ಇತ್ತಾ ಅನ್ನುವುದು ಕಂತು ಮುಗಿದರೂ ಗೊತ್ತಾಗುವುದಿಲ್ಲ. ಈ ಸೆಕೆಂಡುಗಳನ್ನು ಬರೆದಿಟ್ಟರೆ ‘ಜಗಳಗಂಟಿ’ ಅನ್ನುವ ಪಾತ್ರ ಹೇಗೆ ಹುಟ್ಟಿತು ಅಂತ ನೀವು ಬೆರಳಿಟ್ಟು ತೋರಿಸಬಹುದು. ಅದೇ ಕಂತಿನಲ್ಲಿ ಗಂಡು ಸ್ಪರ್ಧಿಯೊಬ್ಬನ ಜಗಳ ಹುಡುಕಿ, ಅದೇ ನಾಲ್ಕು ಕಾಲಂ ತುಂಬಿ, ಎರಡನ್ನೂ ಪಕ್ಕದಲ್ಲಿಡಿ. ಹೋಲಿಕೆ ಇಲ್ಲದ ಉದಾಹರಣೆಗೆ ಬೆಲೆ ಇಲ್ಲ.

ಎಲ್ಲರೂ ಎಡವುವ ಒಂದು ಜಾಗ ಭಾಗಾಕಾರ. ಮನೆಯಲ್ಲಿ 6 ಹೆಂಗಸರು, 10 ಗಂಡಸರು ಇದ್ದಾರೆ ಅಂತ ಇಟ್ಟುಕೊಳ್ಳಿ. ಅಳುವ ದೃಶ್ಯ ಹೆಂಗಸರದ್ದು 12, ಗಂಡಸರದ್ದು 8. ಬರೀ ಸಂಖ್ಯೆ ನೋಡಿದರೆ ಒಂದೂವರೆ ಪಟ್ಟು. ತಲೆಗೆ ಹಂಚಿದರೆ 2 ಮತ್ತು 0.8, ಅಂದರೆ ಎರಡೂವರೆ ಪಟ್ಟು. ವಾರ ವಾರ ಎಲಿಮಿನೇಷನ್ ಆಗುತ್ತಾ ತಲೆಗಳ ಲೆಕ್ಕವೂ ಬದಲಾಗುತ್ತದೆ, ಆದ್ದರಿಂದ ಪ್ರತಿ ಕಂತಿಗೂ ಆ ದಿನ ಮನೆಯಲ್ಲಿದ್ದವರ ಸಂಖ್ಯೆ ಬರೆದುಕೊಳ್ಳಿ. ಹಾಳೆಯಲ್ಲಿ ಗಂಡು, ಹೆಣ್ಣು ಅಂತ ಎರಡೇ ಕಾಲಂ ಇಟ್ಟರೂ ಕೆಟ್ಟಿತು. ಬಿಗ್ ಬಾಸ್ ಕನ್ನಡ ಸೀಸನ್ 10ರಲ್ಲಿ ಟ್ರಾನ್ಸ್ ಮಹಿಳೆ ನೀತು ವನಜಾಕ್ಷಿ ಇದ್ದರು. ಅವರ ಹೆಣ್ತನವನ್ನು ಕಂತು ಹೇಗೆ ಪರಿಚಯಿಸಿತು ಅನ್ನುವುದೇ ಒಂದು ಅಧ್ಯಾಯಕ್ಕೆ ಆಗುವಷ್ಟು ವಿಷಯ.

ಗುರುತು ಹಾಕಲು ಇನ್ನೊಬ್ಬರನ್ನು ಜೊತೆ ಮಾಡಿಕೊಳ್ಳಿ. 14ರಲ್ಲಿ 3 ಕಂತನ್ನು ಇಬ್ಬರೂ ಬೇರೆ ಬೇರೆ ಕೂತು ಗುರುತಿಸಿ. 100 ದೃಶ್ಯದಲ್ಲಿ 85ಕ್ಕೆ ಇಬ್ಬರದೂ ಒಂದೇ ಗುರುತು ಅಂತಾದರೆ ಖುಷಿಪಡುವ ಮೊದಲು ಕೋಹೆನ್ ಅವರ ಕಪ್ಪಾ ಲೆಕ್ಕ ಹಾಕಿ, ಅಂದರೆ ಅದೃಷ್ಟಕ್ಕೆ ಹೊಂದಿದ್ದನ್ನು ಕಳೆದು ಉಳಿಯುವ ಹೊಂದಾಣಿಕೆಯ ಅಳತೆ. ಸುಮ್ಮನೆ ಅದೃಷ್ಟಕ್ಕೆ ಹೊಂದುವ ಪ್ರಮಾಣ 0.60 ಇದ್ದರೆ, 0.85ರಿಂದ 0.60 ಕಳೆದು ಬಂದ 0.25ನ್ನು, 1ರಿಂದ 0.60 ಕಳೆದು ಬಂದ 0.40ರಿಂದ ಭಾಗಿಸಬೇಕು. ಸಿಗುವುದು 0.625 ಮಾತ್ರ. 0.8ರ ಹತ್ತಿರ ಬರುವವರೆಗೂ ವ್ಯಾಖ್ಯೆಗಳನ್ನು ತಿದ್ದಿ. ಸಾಮಾನ್ಯವಾಗಿ ಕೆಡಿಸುವುದು ‘ಗಟ್ಟಿಗಿತ್ತಿ’, ‘ಭಾವುಕ’ ಅನ್ನುವಂಥ ಪದಗಳು. ‘ಭಾವುಕ’ ಬಿಟ್ಟು ‘ಕಣ್ಣೀರು ಕಾಣುತ್ತದೆ ಅಥವಾ ದನಿ ಒಡೆಯುತ್ತದೆ’ ಅಂತ ಬರೆದರೆ ಹೊಂದಾಣಿಕೆ ತಾನಾಗಿ ಏರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ, ಭಾಷೆ. ಕನ್ನಡದಲ್ಲಿ ಗಂಡು-ಹೆಣ್ಣು ಇರುವುದು ಕ್ರಿಯಾಪದದ ಬಾಲದಲ್ಲಿ, ಕರೆಯುವ ರೀತಿಯಲ್ಲಿ. ಯಾರು ಯಾರಿಗೆ ‘ನೀವು’, ಯಾರಿಗೆ ‘ನೀನು’? ‘ಹೋಗೋ’ ಎಷ್ಟು, ‘ಹೋಗೇ’ ಎಷ್ಟು, ಯಾವುದಕ್ಕೆ ಆಕ್ಷೇಪ ಬಂತು? ಅದೇ ಎತ್ತರದ ದನಿಗೆ ಗಂಡಸಿಗೆ ‘ನೇರ ನುಡಿ’, ಹೆಂಗಸಿಗೆ ‘ಬಾಯಿ ಜೋರು’, ‘ಗಯ್ಯಾಳಿ’, ‘ಬಜಾರಿ’. ‘ನಾನೇನು ಬಳೆ ತೊಟ್ಟುಕೊಂಡು ಕೂತಿಲ್ಲ’ ಅನ್ನುವ ಮಾತು ಗಂಡಸರ ಜಗಳದಲ್ಲಿ ಬಂದರೂ ಅದು ಹೆಣ್ತನದ ಬಗ್ಗೆ ಆಡಿದ ಮಾತೇ, ಬರೆದುಕೊಳ್ಳಿ. ‘ಅಮ್ಮನ ಥರ’, ‘ತಂಗಿ ಥರ’ ಅನ್ನುವುದನ್ನೂ ಬಿಡಬೇಡಿ. ಸಂಬಂಧದ ಪಟ್ಟ ಕಟ್ಟಿದ ಮೇಲೆ ಅವಳು ಎದುರಾಳಿಯಾಗಿ ಆಡಿದರೆ ದ್ರೋಹದ ಹಾಗೆ ಕಾಣುತ್ತದೆ. ಆದರೆ ಒಂದು ಎಚ್ಚರ. ನಮ್ಮ ಸಾಗರ, ಹೊಸನಗರದ ಕಡೆಯ ಹವ್ಯಕರ ಮನೆಮಾತಿನಲ್ಲಿ ಹೆಂಗಸರಿಗೆ ‘ಅದು ಬಂತು, ಅದು ಹೇಳಿತು’ ಅನ್ನುವ ನಪುಂಸಕ ರೂಪ ಸಹಜ, ಪ್ರೀತಿಯದು. ಅದೇ ‘ಅದು’ ಬೇರೆ ಕಡೆಯವರ ಬಾಯಲ್ಲಿ ಅವಮಾನ. ಸ್ಪರ್ಧಿ ಯಾವ ಸೀಮೆಯವರು ಅಂತ ನೋಡದೆ ಅವಮಾನದ ಕಾಲಂಗೆ ಹಾಕಿದರೆ ಇಡೀ ಲೆಕ್ಕ ಹಾಳು.

ಹಾಡು, ನೃತ್ಯದ ಷೋ ತೆಗೆದುಕೊಂಡರೆ ವೇದಿಕೆಗಿಂತ ಮೊದಲು ಬರುವ ಪರಿಚಯದ ವೀಡಿಯೊ ನೋಡಿ. ಅಲ್ಲಿ ಒಂದೇ ಪ್ರಶ್ನೆ: ಯಾರ ಒಪ್ಪಿಗೆಯ ಮಾತು ಬಂತು? ಹುಡುಗನ ವೀಡಿಯೊದಲ್ಲಿ ‘ಛಲ’, ಹುಡುಗಿಯದರಲ್ಲಿ ‘ಅಪ್ಪ ಕಳಿಸಿದರು’, ‘ಮನೆಯವರು ಬಿಟ್ಟರು’ ಅಂತ ಬರುತ್ತದಾ ಎಣಿಸಿ. ತೀರ್ಪುಗಾರರ ಸಾಲೂ ವಿಷಯವೇ. ಸರಿಗಮಪದಲ್ಲಿ ಹಂಸಲೇಖ, ವಿಜಯ್ ಪ್ರಕಾಶ್, ರಾಜೇಶ್ ಕೃಷ್ಣನ್, ಅರ್ಜುನ್ ಜನ್ಯ ಕೂತು ತೀರ್ಪು ಕೊಟ್ಟಾಗ ನಿರೂಪಣೆ ಅನುಶ್ರೀ ಅವರದು. ಅವರು ತಮ್ಮ ಕೆಲಸದಲ್ಲಿ ಪಳಗಿದವರು, ಪ್ರಶ್ನೆ ವ್ಯಕ್ತಿಯದಲ್ಲ. ತೀರ್ಪು ಕೊಡುವ ಕುರ್ಚಿ ಯಾರಿಗೆ, ನಗಿಸಿ ಸಾಗಿಸುವ ಮೈಕು ಯಾರಿಗೆ ಅನ್ನುವುದು. ಮಕ್ಕಳ ನೃತ್ಯದ ಷೋ ಆದರೆ 2019ರ ಜೂನ್‌ನಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಇಲಾಖೆ ಚಾನೆಲ್‌ಗಳಿಗೆ ಕಳಿಸಿದ ಸೂಚನೆ ನೋಡಿ. ದೊಡ್ಡವರ ಸಿನಿಮಾ ಹೆಜ್ಜೆಗಳನ್ನು ಮಕ್ಕಳಿಂದ, ವಯಸ್ಸಿಗೆ ಒಪ್ಪದ ಹಾಗೆ ಹಾಕಿಸಬೇಡಿ ಅನ್ನುವುದು ಅದರ ಸಾರ.

ಸುವರ್ಣ ವಾಹಿನಿಯಲ್ಲಿ ಅಕುಲ್ ಬಾಲಾಜಿ ನಡೆಸಿಕೊಟ್ಟ ‘ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು’ ಮಲೆನಾಡಿನವರು ಇನ್ನೊಂದು ಕಣ್ಣಿನಿಂದ ನೋಡಬೇಕಾದ ಷೋ. ನಗರದ ಹುಡುಗಿಯರನ್ನು ಹಳ್ಳಿಗೆ ತಂದು ಹಳ್ಳಿಯ ಕೆಲಸ ಮಾಡಿಸುವುದು ಅದರ ತಿರುಳು. ಇಂಥ ಷೋಗಳಲ್ಲಿ ಕೆಲಸ ಕೆಲಸವಾಗಿ ಉಳಿಯುವುದಿಲ್ಲ, ನಡತೆಯ ಪರೀಕ್ಷೆ ಆಗುತ್ತದೆ. ಹಾಲು ಕರೆಯಲು ಬಾರದಿದ್ದರೆ ಅದು ಅಭ್ಯಾಸವಿಲ್ಲದ ಕೈ ಅಷ್ಟೇ, ತೆರೆಯ ಮೇಲೆ ಮಾತ್ರ ಸೊಕ್ಕಿನ ಹಾಗೆ ಕಾಣುತ್ತದೆ. ಇಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವ ಹೆಂಗಸಿಗೆ ಅದು ಒಳ್ಳೆಯ ಹೆಣ್ಣು ಅನ್ನುವ ಸರ್ಟಿಫಿಕೇಟ್ ಅಲ್ಲ. ಸುಲಿದಷ್ಟಕ್ಕೆ ಕೂಲಿ, ಬೆರಳಿಗೆ ಅಡಿಕೆಯ ಚೊಗರಿನ ಕಲೆ. ಟಾಸ್ಕ್ ಮುಗಿದ ಮೇಲೆ ಕೆಲಸದ ಬಗ್ಗೆ ಮಾತು ಬಂತಾ, ಸ್ವಭಾವದ ಬಗ್ಗೆ ಬಂತಾ ಅಂತ ಒಂದು ಕಾಲಂ ಸೇರಿಸಿ.

ಕಾಮಿಡಿ ಷೋಗಳಲ್ಲಿ ಗಂಡಸರು ಸೀರೆ ಉಟ್ಟು ಬರುವುದಕ್ಕೆ ಅಳತೆಗೋಲು ನಮ್ಮಲ್ಲೇ ಇದೆ. ಯಕ್ಷಗಾನದ ಸ್ತ್ರೀವೇಷವನ್ನು ಮಂಟಪ ಪ್ರಭಾಕರ ಉಪಾಧ್ಯರಂಥವರು ಮಾಡುವಾಗ ಗಂಡಸು ಸೀರೆ ಉಟ್ಟ ಅನ್ನುವುದು ನಗುವಿನ ವಿಷಯವೇ ಅಲ್ಲ. ಪಾತ್ರದ ಸಂಕಟ ಮುಂದೆ ಬರುತ್ತದೆ. ಕಾಮಿಡಿ ಸ್ಕಿಟ್‌ನಲ್ಲಿ ನಗು ಯಾವ ಕ್ಷಣದಲ್ಲಿ ಬಿತ್ತು ಗುರುತಿಸಿ: ಮಾತಿಗಾ, ಸನ್ನಿವೇಶಕ್ಕಾ, ಅಥವಾ ಸೊಂಟ, ಎದೆ, ದಪ್ಪ, ಬಣ್ಣ ತೋರಿಸಿದ್ದಕ್ಕಾ?

ಗೆದ್ದವರ ಪಟ್ಟಿಯನ್ನು ಜಾಣತನದಿಂದ ಬಳಸಿ. 2013ರಲ್ಲಿ ಶುರುವಾದ ಬಿಗ್ ಬಾಸ್ ಕನ್ನಡದ ಮೊದಲ 11 ಸೀಸನ್‌ಗಳಲ್ಲಿ ಗೆದ್ದ ಹೆಣ್ಣು ಒಬ್ಬರೇ, ಸೀಸನ್ 3ರ ಶ್ರುತಿ. ಇದರಿಂದ ‘ಕನ್ನಡಿಗರು ಹೆಣ್ಣಿಗೆ ವೋಟ್ ಹಾಕುವುದಿಲ್ಲ’ ಅಂತ ತೀರ್ಮಾನಿಸಲು ಆಗದು. ಪ್ರತಿ ಸೀಸನ್‌ನಲ್ಲಿ ಎಷ್ಟು ಹೆಂಗಸರು ಒಳಗೆ ಹೋದರು, ಎಷ್ಟು ಜನ ಫಿನಾಲೆ ವಾರ ಮುಟ್ಟಿದರು, ಅವರಿಗೆ ಸಿಕ್ಕ ತೆರೆಯ ಸಮಯ ಎಷ್ಟು, ಇವು ಪಕ್ಕದಲ್ಲಿದ್ದರೆ ಮಾತ್ರ ಆ ‘ಒಂದು’ ಏನಾದರೂ ಹೇಳುತ್ತದೆ.

ಕೊನೆಯ ಎರಡು ವಾರ ನೋಡುಗರಿಗೆ ಮೀಸಲಿಡಿ. ಬಿಗ್ ಬಾಸ್ ಇತ್ತೀಚಿನ ವರ್ಷಗಳಲ್ಲಿ ಬರುವ ಕಾಲವೂ ಅಡಿಕೆ ಕೊಯ್ಲಿನ ಕಾಲವೂ ಹೆಚ್ಚುಕಡಿಮೆ ಒಂದೇ. ರಾತ್ರಿ ಸುಲಿಯಲು ಕೂತಲ್ಲಿ ಟಿವಿ ಹಚ್ಚಿಟ್ಟಿದ್ದರೆ ಕಣ್ಣು ಕತ್ತಿಯ ಮೇಲೆ, ಕಿವಿ ಟಿವಿಯ ಮೇಲೆ. ಹಾಗಾಗಿ ದನಿಯ ಹಾಳೆ ಬೇರೆಯೇ ಮಾಡಿ: ಎರಡು ಕಂತನ್ನು ಪರದೆ ಮುಚ್ಚಿ ಬರೀ ಕೇಳಿ, ಯಾರ ಮಾತಿಗೆ ಯಾವ ಸಂಗೀತ ಅಂತ ಬರೆಯಿರಿ. ಗುಂಪು ಮಾತುಕತೆಗೆ 6ರಿಂದ 8 ಜನ ಸಾಕು. ಅತ್ತೆ-ಸೊಸೆಯನ್ನು ಒಂದೇ ಗುಂಪಿನಲ್ಲಿ ಕೂರಿಸಬೇಡಿ, ಸೊಸೆ ಬಾಯಿ ಬಿಡುವುದಿಲ್ಲ. ‘ಲಿಂಗ ತಾರತಮ್ಯ ಕಾಣುತ್ತದಾ’ ಅಂತ ಕೇಳಿದರೆ ನಿಮಗೆ ಬೇಕಾದ ಉತ್ತರವೇ ಬರುತ್ತದೆ. ಅಕ್ಕಿಯ ಜಗಳದಂಥ ಒಂದು ದೃಶ್ಯ ತೋರಿಸಿ ‘ಇದರಲ್ಲಿ ಯಾರದು ಸರಿ, ಯಾಕೆ’ ಅಂತ ಮಾತ್ರ ಕೇಳಿ ಸುಮ್ಮನಿರಿ. ಮೊದಲ ಉತ್ತರ ಅಕ್ಕಿಯ ಬಗ್ಗೆ ಬಂತಾ, ಅವಳ ದನಿಯ ಬಗ್ಗೆ ಬಂತಾ ಅನ್ನುವುದನ್ನು ಅವರ ಮಾತಿನಲ್ಲೇ, ಒಂದಕ್ಷರ ತಿದ್ದದೆ ಬರೆದುಕೊಳ್ಳಿ. ಒಪ್ಪಿಗೆ ಇಲ್ಲದೆ ಫೋನಿನಲ್ಲಿ ರೆಕಾರ್ಡ್ ಮಾಡಬೇಡಿ, ವರದಿಯಲ್ಲಿ ಹೆಸರು, ಊರು ಬದಲಿಸಿ.